ಸೂರ್ಯ ನೆತ್ತಿಗೆ ಬರುವುದು ಎರಡು ಸಲ, ಓಝೋನ್ ಏರುವುದು ಒಂದೇ ಸಲ

ಚಿತ್ರದುರ್ಗದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಬರುತ್ತಾನೆ: ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. ಆ ದಿನಗಳ ನಡುಹಗಲಲ್ಲಿ ಹೊಲದಲ್ಲಿ ನೆಟ್ಟ ಗೂಟಕ್ಕೆ ನೆರಳೇ ಬೀಳುವುದಿಲ್ಲ. ಬಿಸಿಲಿನಿಂದಲೇ ಹುಟ್ಟುವ ಅನಿಲ ಎರಡೂ ಸಲ ಏರಬೇಕಿತ್ತು. ಆದರೆ ನೆಲಮಟ್ಟದ ಓಝೋನ್ ಹಾಗೆ ಏರುವುದಿಲ್ಲ. ತಿರುಪತಿ ಬಳಿಯ ಗಾದಂಕಿ ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದ ಹಳ್ಳಿ. ಅಲ್ಲಿ 1990ರ ದಶಕದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಅಳೆದಾಗ, ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಓಝೋನ್ ಅತಿ ಹೆಚ್ಚು, ಮಳೆಗಾಲದಲ್ಲಿ ಅತಿ ಕಡಿಮೆ ಇತ್ತು.

ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಓಝೋನ್ ಇದೇ. ಹಳೆಯ ಜೆರಾಕ್ಸ್ ಅಂಗಡಿಗೆ ಕಾಲಿಟ್ಟಾಗ ಮೂಗಿಗೆ ಬಡಿಯುತ್ತಿದ್ದ ಚುರುಕು ವಾಸನೆಯೂ ಇದರದ್ದೇ. ನೆಲಮಟ್ಟದಲ್ಲಿ ಇದು ಶ್ವಾಸಕೋಶವನ್ನೂ ಎಲೆಯನ್ನೂ ಸುಡುವ ವಸ್ತು. ಭಾರತದ 2009ರ ಮಾನದಂಡದಂತೆ 8 ಗಂಟೆಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು.

ಇದು ಲಾರಿಯ ಹೊಗೆಕೊಳವೆಯಿಂದ ನೇರವಾಗಿ ಬರುವುದಿಲ್ಲ. ಹೆದ್ದಾರಿ 48ರಲ್ಲಿ ಓಡುವ ಲಾರಿ ಬಿಡುವುದು ನೈಟ್ರಿಕ್ ಆಕ್ಸೈಡ್. ಅದು ನೈಟ್ರೋಜನ್ ಡೈ ಆಕ್ಸೈಡ್ ಆದಮೇಲೆ ಬಿಸಿಲು ಅದನ್ನು ಒಡೆಯುತ್ತದೆ. ಬಿಡುಗಡೆಯಾದ ಒಂಟಿ ಆಮ್ಲಜನಕ ಪರಮಾಣು ಗಾಳಿಯ ಆಮ್ಲಜನಕಕ್ಕೆ ಅಂಟಿಕೊಂಡರೆ ಓಝೋನ್. ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನೇ ತಿಂದು ಮತ್ತೆ ಡೈ ಆಕ್ಸೈಡ್ ಆಗುತ್ತದೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೋಯಿತು. ಲೆಕ್ಕ ತಪ್ಪಿಸುವುದು ಕಾರ್ಬನ್ ಮೊನಾಕ್ಸೈಡ್, ಪೆಟ್ರೋಲಿನ ಆವಿ, ನೀಲಗಿರಿಯಂಥ ಮರಗಳು ಬಿಡುವ ಐಸೊಪ್ರೀನ್. ಇವು ಬಿಸಿಲಲ್ಲಿ ಉರಿದುಹೋಗುತ್ತಾ ನೈಟ್ರಿಕ್ ಆಕ್ಸೈಡನ್ನು ಬೇರೆ ದಾರಿಯಿಂದ ಡೈ ಆಕ್ಸೈಡ್ ಮಾಡಿಬಿಡುತ್ತವೆ. ಓಝೋನ್ ತಿನ್ನುವವರಿಲ್ಲದೆ ಗಾಳಿಯಲ್ಲಿ ಉಳಿಯುತ್ತದೆ.

ಇದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಗಾಳಿ ಊರು ದಾಟಿರುತ್ತದೆ. ಪೇಟೆಯಲ್ಲಾದರೆ ಹೊಸ ಹೊಗೆ ಬರುತ್ತಲೇ ಇದ್ದು ಓಝೋನನ್ನು ಕಡಿಯುತ್ತದೆ. ಹಳ್ಳಿಯಲ್ಲಿ ಆ ಕಡಿತವಿಲ್ಲ. ಹಾಗಾಗಿ ದಾವಣಗೆರೆಯ ಗಾಂಧಿ ವೃತ್ತಕ್ಕಿಂತ ಊರಾಚೆಯ ಹೊಲದಲ್ಲೇ ಈ ಅನಿಲ ಹೆಚ್ಚಿರಬಹುದು. ‘ಹಳ್ಳಿ ಗಾಳಿ ಶುದ್ಧ’ ಎಂಬ ಮಾತನ್ನು ಧೂಳು, ಹೊಗೆಯ ವಿಚಾರದಲ್ಲಿ ನಾನೂ ಒಪ್ಪುತ್ತೇನೆ. ಓಝೋನಿನ ವಿಚಾರದಲ್ಲಿ ಒಪ್ಪಲಾರೆ.

ಇನ್ನು ಋತುಗಳ ಮಾತು. ಮಾಗಿಯ ಮುಂಜಾನೆ ಮೆಕ್ಕೆಜೋಳದ ದಂಟಿಗೆ ಬೆಂಕಿ ಇಟ್ಟ ಹೊಲವನ್ನು ನೋಡಿ. ಹೊಗೆ ಬೇವಿನ ಮರದೆತ್ತರಕ್ಕೆ ಏರುತ್ತದೆ, ಅಲ್ಲಿಗೆ ನಿಂತು ಹಾಸಿದ ಪಂಚೆಯಂತೆ ಅಡ್ಡಡ್ಡ ಹರಡುತ್ತದೆ. ಕೆಳಗಿನ ತಣ್ಣನೆ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿರುತ್ತದೆ. ಈಶಾನ್ಯದಿಂದ ನೆಲದ ಮೇಲೇ ನೂರಾರು ಕಿಲೋಮೀಟರ್ ಬೀಸಿಬಂದ ಗಾಳಿಯೂ ತನ್ನ ಪಾಲು ತಂದಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಗಾಳಿಯಲ್ಲಿ ಉಳಿಯಬಲ್ಲದು. ಶಿವರಾತ್ರಿ ಕಳೆದು ಬಿಸಿಲು ಚುರುಕಾಗುವ ಹೊತ್ತಿಗೆ ಓಝೋನಿಗೆ ಬೇಕಾದ ಸರಕು ಸಿದ್ಧವಿರುತ್ತದೆ. ಆಗ ಹೊಗೆ ಕಾಣುವುದಿಲ್ಲ, ಆಕಾಶ ನೀಲಿಯಾಗಿರುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಓಝೋನ್ ದಿನದ ತುದಿ ಮುಟ್ಟುತ್ತದೆ.

ಜೂನಿನಲ್ಲಿ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು ಜೋರಾಗಿ ತಿರುಗತೊಡಗಿದವೆಂದರೆ ಗಾಳಿಯ ದಿಕ್ಕು ಬದಲಾಗಿದೆ ಎಂದರ್ಥ. ಈಗ ಬರುವುದು ಅರಬ್ಬಿ ಸಮುದ್ರದ ಗಾಳಿ. ಮಳೆ ಓಝೋನನ್ನು ತೊಳೆಯುತ್ತದೆಂದು ಹಲವರು ತಿಳಿದಿದ್ದಾರೆ. ಅದು ನೀರಲ್ಲಿ ಅಷ್ಟಾಗಿ ಕರಗುವುದೇ ಇಲ್ಲ. ಮೋಡ ಬಿಸಿಲನ್ನು ಮರೆಮಾಡುತ್ತದೆ, ಅದು ಒಂದು ಕಾರಣ. ನನಗೆ ಬೆರಗು ಹುಟ್ಟಿಸುವುದು ಇನ್ನೊಂದು. ಕಡಲ ಗಾಳಿಯಲ್ಲಿ ನೈಟ್ರೋಜನ್ ಆಕ್ಸೈಡ್ ತೀರಾ ಕಡಿಮೆ, ನೀರಾವಿ ಧಾರಾಳ. ಅಂಥ ಗಾಳಿಯಲ್ಲಿ ಬಿಸಿಲು ಓಝೋನನ್ನೇ ಒಡೆಯುತ್ತದೆ, ಸಿಡಿದ ಆಮ್ಲಜನಕವನ್ನು ನೀರಾವಿ ಹಿಡಿದುಕೊಳ್ಳುತ್ತದೆ, ಓಝೋನ್ ಮರಳಿ ಹುಟ್ಟುವುದಿಲ್ಲ. ಮಾರ್ಚಿನಲ್ಲಿ ಅದನ್ನು ಬೆಳೆಸಿದ ಸೂರ್ಯನೇ ಆಗಸ್ಟಿನಲ್ಲಿ ಕರಗಿಸುತ್ತಾನೆ.

ಮುಂಗಾರಿಗೆ ಬಿತ್ತಿದ ಚಳ್ಳಕೆರೆಯ ಶೇಂಗಾಕ್ಕೆ ಇದರಿಂದ ಲಾಭವೇ ಆಯಿತು. ಅದು ಹೊಲದಲ್ಲಿರುವಾಗ ಓಝೋನ್ ಕಡಿಮೆ. ನನ್ನ ಚಿಂತೆ ಬೋರ್‌ವೆಲ್ ನೀರಿನ ಬೇಸಿಗೆ ಶೇಂಗಾದ್ದು, ಭದ್ರಾ ನಾಲೆಯ ಬೇಸಿಗೆ ಭತ್ತದ್ದು. ಎಲೆಗೆ ಓಝೋನ್ ನುಗ್ಗುವುದು ಪತ್ರರಂಧ್ರಗಳಿಂದ. ಒಣಗಿದ ಗಿಡ ನೀರು ಉಳಿಸಿಕೊಳ್ಳಲು ಅವನ್ನು ಮುಚ್ಚಿಕೊಳ್ಳುತ್ತದೆ. ನೀರುಂಡ ಗಿಡ ತೆರೆದಿಟ್ಟು ಉಸಿರಾಡುತ್ತದೆ, ಅದೂ ಓಝೋನ್ ತುದಿಯಲ್ಲಿರುವ ತಿಂಗಳುಗಳಲ್ಲೇ. ಎಷ್ಟೋ ಸಲ ಗುರುತೇ ಕಾಣದೆ ಇಳುವರಿ ಮಾತ್ರ ಇಳಿಯುತ್ತದೆ. ಗಾಳಿ ಅಳೆಯುವ ಯಂತ್ರಗಳನ್ನು ನಾವು ನಗರಗಳಲ್ಲೇ ಹೆಚ್ಚಾಗಿ ನೆಟ್ಟಿದ್ದೇವೆ. ಈ ಹೊಲಗಳ ಬದುವಿನಲ್ಲೂ ಒಂದು ಇರಲೇಬೇಕು.

ಗುರುತು ಕಂಡರೆ ಅದು ಹೀಗಿರುತ್ತದೆ: ಹಳೆಯ ಎಲೆಯ ಮೇಲ್ಮೈಯಲ್ಲಿ, ನರಗಳ ನಡುವೆ, ಸೂಜಿ ಚುಚ್ಚಿದಷ್ಟು ಸಣ್ಣ ಚುಕ್ಕೆಗಳು. ಶೇಂಗಾಕ್ಕೆ ಬರುವ ಟಿಕ್ಕಾ ಎಂಬ ಎಲೆಚುಕ್ಕೆ ರೋಗದ ಚುಕ್ಕೆ ದೊಡ್ಡದು, ಎಲೆಯ ಎರಡೂ ಬದಿಗೆ ಕಾಣುತ್ತದೆ. ಓಝೋನ್ ತಾಗಿದ ಎಲೆಯನ್ನು ಮಗುಚಿ ನೋಡಿದರೆ, ಸಾಮಾನ್ಯವಾಗಿ ಕೆಳಮೈ ಇನ್ನೂ ಹಸಿರಾಗಿಯೇ ಇರುತ್ತದೆ.