ಚಿಮಣಿಯ ಬಾಯಿಗೆ ತಕ್ಕಡಿ ಬಂದದ್ದು ಹೇಗೆ

ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಬಳಸಿ, ಸುಲಭಕ್ಕೆ ಕೊಳೆಯದ ವಿಷದ ನೀರನ್ನು ಹೊರಬಿಡುವ ಕಾರ್ಖಾನೆಯೊಂದಿದೆ ಎಂದುಕೊಳ್ಳಿ. 2003ರಲ್ಲಿ ದರ ಏರಿಸಿದ ಮೇಲೂ ಅದು ಬಳಸಿದ ನೀರಿಗಾಗಿ ಸರ್ಕಾರಕ್ಕೆ ಕಟ್ಟಬೇಕಿದ್ದ ಸೆಸ್ ಹೆಚ್ಚೆಂದರೆ ಸಾವಿರ ಲೀಟರಿಗೆ 30 ಪೈಸೆ, ದಿನಕ್ಕೆ 30 ರೂಪಾಯಿ. ಅದೇ ಕಾರ್ಖಾನೆಯ ಶುದ್ಧೀಕರಣ ಘಟಕದಲ್ಲಿ ನೀರಿಗೆ ಗಾಳಿ ಊದುವ 10 ಎಚ್‌ಪಿ ಬ್ಲೋವರ್ ಒಂದು ಗಂಟೆ ಓಡಿದರೆ ಸುಮಾರು ಏಳೂವರೆ ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 52 ರೂಪಾಯಿ ದಾಟಿತು. ಬ್ಲೋವರ್ ಓಡಬೇಕಾದದ್ದೋ ಹಗಲೂ ರಾತ್ರಿ. ಸ್ವಿಚ್ ಆರಿಸಿ ಸೆಸ್ ಕಟ್ಟುವುದೇ ಅಗ್ಗ ಎಂದು ಕಂಡುಕೊಳ್ಳಲು ಯಾವ ಲೆಕ್ಕಿಗನೂ ಬೇಕಾಗಿರಲಿಲ್ಲ.

ಮಾಲಿನ್ಯಕ್ಕೆ ಬೆಲೆ ಕಟ್ಟುವ ವಿಚಾರ ಹಳೆಯದು. ಕಾರ್ಖಾನೆ ಊರಿನ ಮೇಲೆ ಹೊರಿಸುವ ನಷ್ಟದಷ್ಟು ತೆರಿಗೆಯನ್ನು ಅದರ ಮೇಲೇ ಹಾಕಬೇಕು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲೇ ವಾದಿಸಿದ್ದರು. ನಮ್ಮ ಕಾನೂನು ಹಿಡಿದದ್ದು ಬೇರೆ ದಾರಿ. ನೀರು ರಾಜ್ಯಗಳ ವಿಷಯವಾದ್ದರಿಂದ ರಾಜ್ಯಗಳೇ ನಿರ್ಣಯ ಮಾಡಿ ಸಂಸತ್ತನ್ನು ಕೇಳಬೇಕಿತ್ತು. ಹಾಗೆ ಕೇಳಿದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1974ರ ಜಲ ಕಾಯ್ದೆ ಹುಟ್ಟಿದ್ದು ಹೀಗೆ. 1981ರಲ್ಲಿ ವಾಯು ಕಾಯ್ದೆ ಬಂತು, ಭೋಪಾಲ್ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. ಮೂರರ ಧಾಟಿಯೂ ಒಂದೇ: ಮಿತಿ ಮೀರಬೇಡ, ಮೀರಿದರೆ ಜೈಲು. ಮೊದಲೆರಡರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸಮ್ಮತಿ ಪತ್ರವನ್ನೂ ಪಡೆಯಬೇಕು. ಆದರೆ ಜೈಲಿಗೆ ಕಳಿಸಲು ಕ್ರಿಮಿನಲ್ ಮೊಕದ್ದಮೆ ಹೂಡಬೇಕಿತ್ತು, ಸ್ಯಾಂಪಲ್ ತೆಗೆದದ್ದು ಕಾಯ್ದೆ ಹೇಳಿದ ಕ್ರಮದಲ್ಲೇ ಎಂದು ಸಾಬೀತು ಮಾಡಬೇಕಿತ್ತು. ಒಂದು ಸೀಲು ತಪ್ಪಿದರೂ ಕೇಸು ಬಿತ್ತು. 1988ರ ತಿದ್ದುಪಡಿ ಕಾರ್ಖಾನೆ ಮುಚ್ಚಿಸುವ, ಕರೆಂಟು ಕಡಿಸುವ ಅಧಿಕಾರವನ್ನು ಮಂಡಳಿಗಳಿಗೆ ಕೊಟ್ಟಿತು. ಅಲ್ಲಿಗೆ ಕೈಯಲ್ಲಿ ಉಳಿದದ್ದು ಎರಡೇ, ಒಂದು ನೋಟಿಸ್, ಇನ್ನೊಂದು ಕೊಡಲಿ. ಮಿತಿಯನ್ನು ಹತ್ತು ಮಿಲಿಗ್ರಾಂ ಮೀರಿದವನ ಮೇಲೆ ಕೊಡಲಿ ಎತ್ತುವ ಅಧಿಕಾರಿ ಎಲ್ಲಿದ್ದಾನೆ?

1977ರ ಸೆಸ್ ಕಾಯ್ದೆಯನ್ನು ಪಿಗೂ ತೆರಿಗೆಯ ಸೋದರನೆಂದು ಕರೆದವರುಂಟು. ಅಷ್ಟು ದೊಡ್ಡ ಮಾತು ಅದಕ್ಕೆ ಸಲ್ಲದು. ಮಂಡಳಿಗಳ ಖರ್ಚಿಗೆ ದುಡ್ಡು ಹೊಂದಿಸುವುದೇ ಅದರ ಘೋಷಿತ ಉದ್ದೇಶ. ಸೆಸ್ ಬಿದ್ದದ್ದೂ ಒಳಗೆ ಎಳೆದುಕೊಂಡ ನೀರಿನ ಮೇಲೆ, ಹೊರಬಿಟ್ಟ ಕೊಳಕಿನ ತೂಕದ ಮೇಲಲ್ಲ. 2017ರಲ್ಲಿ ಜಿಎಸ್‌ಟಿ ಬರುವ ಹೊತ್ತಿಗೆ ಅದನ್ನು ರದ್ದು ಮಾಡಿದಾಗ ಯಾರೂ ಅತ್ತಂತಿಲ್ಲ.

ಮಧ್ಯೆ ನ್ಯಾಯಾಲಯಗಳು ಬೇರೊಂದು ದಾರಿ ತೆರೆದಿದ್ದವು. ರಾಜಸ್ಥಾನದ ಉದಯಪುರದ ಬಳಿಯ ಬಿಚ್ಛ್ರಿ ಗ್ರಾಮದಲ್ಲಿ ಬಣ್ಣದ ಕಚ್ಚಾವಸ್ತುವಾದ ಎಚ್-ಆಸಿಡ್ ತಯಾರಿಸುವ ಘಟಕಗಳ ಕೆಸರು ಬಾವಿಗಳನ್ನು ಕೆಡಿಸಿತ್ತು. ಹಾಳು ಮಾಡಿದವರೇ ಸರಿಪಡಿಸುವ ಖರ್ಚು ಭರಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಲೆಕ್ಕ ಹಾಕಿದ ಮೊತ್ತ 37.385 ಕೋಟಿ ರೂಪಾಯಿ. ಅರ್ಜಿಯ ಮೇಲೆ ಅರ್ಜಿ ಬಿದ್ದು, 2011ರಲ್ಲಿ ಕೋರ್ಟ್ 12% ಚಕ್ರಬಡ್ಡಿ ಸೇರಿಸಿ ಕಟ್ಟಿ ಎನ್ನಬೇಕಾಯಿತು. ತಡಮಾಡುವುದಕ್ಕೂ ಬೆಲೆಯಿದೆ ಎಂಬುದನ್ನು ಆ ಚಕ್ರಬಡ್ಡಿ ತೋರಿಸಿತು.

ತತ್ವ ಸರಿ, ಸೂತ್ರ ಬೇಕಲ್ಲ. ಹಸಿರು ನ್ಯಾಯಮಂಡಳಿಯ ಒತ್ತಾಯದಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಒಂದನ್ನು ಕೊಟ್ಟಿತು. ಕಾರ್ಖಾನೆ ಅತಿ ಹೆಚ್ಚು ಮಾಲಿನ್ಯದ ಕೆಂಪು ವರ್ಗದ್ದಾದರೆ ಸೂಚ್ಯಂಕ 80, ಕಿತ್ತಳೆಗೆ 50, ಹಸಿರಿಗೆ 30. ಇದನ್ನು ಉಲ್ಲಂಘನೆಯ ದಿನಗಳಿಂದ, 250 ರೂಪಾಯಿಯಿಂದ, ಕಾರ್ಖಾನೆಯ ಗಾತ್ರದ ಅಂಶದಿಂದ (ಸಣ್ಣದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5), ಕೊನೆಗೆ ಊರಿನ ಜನಸಂಖ್ಯೆಯ ಅಂಶದಿಂದ ಗುಣಿಸಬೇಕು. ಕೋಟಿ ದಾಟಿದ ಬೆಂಗಳೂರಿನಂಥ ನಗರಕ್ಕೆ ಈ ಕೊನೆಯ ಅಂಶ 2. ಅಲ್ಲಿ ದೊಡ್ಡ ಕೆಂಪು ಕಾರ್ಖಾನೆ 30 ದಿನ ತಪ್ಪಿದರೆ 80 × 30 × 250 × 1.5 × 2, ಅಂದರೆ 18 ಲಕ್ಷ ರೂಪಾಯಿ. 30 ರೂಪಾಯಿಯ ಕಾಲದಿಂದ ಬಹಳ ದೂರ ಬಂದಂತಾಯಿತು. ಆದರೆ ಈ ಗುಣಾಕಾರದಲ್ಲಿ ಎಷ್ಟು ಕೊಳಕು ಹೊರಬಿತ್ತು ಎಂಬ ಅಂಕಿಯೇ ಇಲ್ಲ. ಮಿತಿಯನ್ನು ಕೂದಲೆಳೆಯಷ್ಟು ಮೀರಿದವನಿಗೂ ಹತ್ತು ಪಟ್ಟು ಮೀರಿದವನಿಗೂ ಒಂದೇ ಬಿಲ್ಲು. ಹೇಗೂ ಮೀರಿಯಾಯಿತು, ಇನ್ನು ಪೂರ್ತಿ ಬಿಟ್ಟರೇನು ಎಂದು ಎರಡನೆಯವನು ಯೋಚಿಸಿದರೆ ತಪ್ಪು ಸೂತ್ರದ್ದೇ.

ಆ ಅಂಕಿಯನ್ನು ತರುವವರು ಯಾರು ಎಂಬುದೇ ಅಸಲು ತಕರಾರು. ಗುಜರಾತಿನಲ್ಲಿ ಹೈಕೋರ್ಟ್ ಆದೇಶದಂತೆ 1996ರಿಂದ ಕಾರ್ಖಾನೆಗಳಿಗೆ ಪರಿಸರ ಆಡಿಟ್ ಕಡ್ಡಾಯವಾಗಿತ್ತು. ಆಡಿಟರನ್ನು ಆರಿಸುವುದೂ ಅವನಿಗೆ ಶುಲ್ಕ ಕೊಡುವುದೂ ಕಾರ್ಖಾನೆಯೇ. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯ ಮಂಡಳಿಯ ಜೊತೆ ಸೇರಿ 2009ರಿಂದ ಮರುತಪಾಸಣೆ ಮಾಡಿಸಿದರು. ಹೊಗೆಯ ದೂಳಿಗೆ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ. ಆಡಿಟರುಗಳ ವರದಿಯಲ್ಲಿ ಆ ಮಿತಿ ಮೀರಿದ ಘಟಕಗಳು 7%. ಮತ್ತೆ ಅಳೆದು ನೋಡಿದರೆ 59%! ವರದಿಯ ಅಂಕಿಗಳು 150ರ ಗೆರೆಯ ಸ್ವಲ್ಪವೇ ಕೆಳಗೆ, ಬಸ್ ಸ್ಟಾಪಿನ ಚಪ್ಪರದಡಿ ಮಳೆಗೆ ನಿಂತವರಂತೆ ಒತ್ತಿಕೊಂಡಿದ್ದವು. ಪ್ರಯೋಗದಲ್ಲಿ ಆಡಿಟರನ್ನು ಚೀಟಿ ಎತ್ತಿದಂತೆ ನೇಮಿಸಿ, ಶುಲ್ಕವನ್ನು ಸಾಮಾನ್ಯ ನಿಧಿಯಿಂದ ಕೊಟ್ಟು, ಕೆಲವು ಅಳತೆಗಳನ್ನು ಪುನಃ ಪರಿಶೀಲಿಸಿದಾಗ ಸುಳ್ಳು ವರದಿ ಸುಮಾರು 80% ಇಳಿಯಿತು.

ಹೊಗೆಯ ಪರವಾನಗಿಯನ್ನೇ ಮಾರುಕಟ್ಟೆಗೆ ಬಿಡುವ ಯೋಜನೆಯನ್ನು ಜೈರಾಮ್ ರಮೇಶ್ (ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ) ಪರಿಸರ ಸಚಿವರಾಗಿದ್ದ 2011ರಲ್ಲಿ ಪ್ರಕಟಿಸಿದರು. ಮಾದರಿ ಅಮೆರಿಕದ್ದು. ಅಲ್ಲಿ ಆಮ್ಲ ಮಳೆ ತಡೆಯಲು 1990ರ ಕಾನೂನು ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಒಟ್ಟು ಮಿತಿ ಹಾಕಿ, ಟನ್ನಿಗೊಂದು ಪರವಾನಗಿ ಕೊಟ್ಟು, ಹೊಗೆ ಇಳಿಸಿದವನು ಮಿಕ್ಕದ್ದನ್ನು ಸಾಲದವನಿಗೆ ಮಾರಲು ಬಿಟ್ಟು, 1995ರಿಂದ ಜಾರಿಗೆ ತಂದಿತ್ತು. ಖರ್ಚು ಅಂದಾಜಿಗಿಂತ ಬಹಳ ಕಡಿಮೆಯಾಯಿತು. ಆ ಹೊಗಳಿಕೆಯಲ್ಲಿ ಒಂದು ಪಾಲು ವಯೋಮಿಂಗ್‌ನ ಕಡಿಮೆ ಗಂಧಕದ ಕಲ್ಲಿದ್ದಲಿಗೂ ಅದನ್ನು ಅಗ್ಗಕ್ಕೆ ಸಾಗಿಸಿದ ರೈಲಿಗೂ ಸಲ್ಲಬೇಕು.

ನಮ್ಮಲ್ಲಿ ಅದು ಶುರುವಾದದ್ದು 2019ರಲ್ಲಿ, ಸೂರತ್‌ನ ಸೀರೆಗೆ ಬಣ್ಣ ಹಾಕುವ, ಪ್ರಿಂಟ್ ಮಾಡುವ ಕಾರ್ಖಾನೆಗಳಲ್ಲಿ. ತಡವಾಗಲು ಮುಖ್ಯ ಕಾರಣ ಅಳತೆಯೇ. ಕಲ್ಲಿದ್ದಲು, ಲಿಗ್ನೈಟ್ (ಕಂದು ಕಲ್ಲಿದ್ದಲು) ಉರಿಸುವ ಬಾಯ್ಲರಿನ ಚಿಮಣಿಯೊಳಗೆ ಕಡ್ಡಿಯಂಥ ಸೆನ್ಸರ್ ತೂರಿಸುತ್ತಾರೆ. ಕೆಲವು ಬಗೆಯಲ್ಲಿ ಹಾರುವ ಕಣಗಳು ಕಡ್ಡಿಗೆ ತಾಗಿ ಹುಟ್ಟಿಸುವ ವಿದ್ಯುದಂಶ, ಇನ್ನು ಕೆಲವದರಲ್ಲಿ ಕಣಗಳು ಚದುರಿಸುವ ಬೆಳಕು ಸಂಕೇತವಾಗುತ್ತದೆ. ಸಂಕೇತ ತಾನಾಗಿ ಮಿಲಿಗ್ರಾಂ ಆಗದು. ಅದೇ ಹೊತ್ತಿಗೆ ಚಿಮಣಿಯ ಹೊಗೆಯನ್ನು ಫಿಲ್ಟರ್ ಕಾಗದದ ಮೂಲಕ ಎಳೆದು, ಕಾಗದ ತೂಗಿ, ಎರಡನ್ನೂ ತಾಳೆ ನೋಡಬೇಕು. ಎಳೆಯುವ ವೇಗ ಚಿಮಣಿಯ ಹೊಗೆಯ ವೇಗಕ್ಕೆ ಸಮನಾಗಿರಬೇಕು. ಜೋರಾಗಿ ಎಳೆದರೆ ದಪ್ಪ ಕಣಗಳು ತಿರುಗಲಾರದೆ ನಳಿಗೆಯ ಹೊರಗೇ ಸಾಗಿಹೋಗುತ್ತವೆ, ಅಳತೆ ಕಡಿಮೆ ಬರುತ್ತದೆ. ಕಲ್ಲಿದ್ದಲಿನಿಂದ ಲಿಗ್ನೈಟಿಗೆ ಬದಲಿಸಿದರೆ ಕಣದ ಗುಣವೇ ಬೇರೆ, ಹಳೆಯ ತಾಳೆ ಕೆಲಸಕ್ಕೆ ಬಾರದು. ಕಡ್ಡಿಗೆ ಮಸಿ ಕಟ್ಟಿದರೂ ಅಂಕಿ ಕೆಡುತ್ತದೆ.

ಅಳತೆ ಸಿಕ್ಕ ಮೇಲಿನದು ಅಂಗಡಿ ಲೆಕ್ಕ. ಗಂಟೆಗೆ 10,000 ಘನ ಮೀಟರ್ ಹೊಗೆ, ಘನ ಮೀಟರಿಗೆ 150 ಮಿಲಿಗ್ರಾಂ ದೂಳು ಇದ್ದರೆ ಗಂಟೆಗೆ ಒಂದೂವರೆ ಕೆ.ಜಿ. ದಿನಕ್ಕೆ 20 ಗಂಟೆಯಂತೆ ತಿಂಗಳಲ್ಲಿ 25 ದಿನ ಓಡಿದರೆ 750 ಕೆ.ಜಿ., ಅಷ್ಟು ಪರವಾನಗಿ ಕೈಯಲ್ಲಿರಬೇಕು. ಒಟ್ಟು ಮಿತಿಯ 80% ಪರವಾನಗಿ ಪುಕ್ಕಟೆ, ಉಳಿದದ್ದು ಹರಾಜಿಗೆ. ಬೆಲೆ ಕೆ.ಜಿ.ಗೆ 5 ರೂಪಾಯಿಗಿಂತ ಇಳಿಯದು, 100 ದಾಟದು. ಪರವಾನಗಿ ಕಡಿಮೆ ಬಿದ್ದರೆ ಮೊದಲೇ ಇಟ್ಟ ಠೇವಣಿಯಿಂದ ಗರಿಷ್ಠ ಬೆಲೆಯ ಎರಡರಷ್ಟು ಕಡಿತ. ಜೈಲೂ ಇಲ್ಲ, ವಕೀಲರೂ ಇಲ್ಲ.

ಹೆಚ್ಚಿನವರ ಬಳಿ ಹೊಗೆಯನ್ನು ಸುತ್ತಿಸಿ ದೂಳು ಬೇರ್ಪಡಿಸುವ ಸೈಕ್ಲೋನ್, ಬಟ್ಟೆ ಚೀಲದಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಮೊದಲೇ ಇದ್ದವು. ಇಲ್ಲದ್ದು ಅವನ್ನು ಸರಿಯಾಗಿ ಓಡಿಸುವ ಮನಸ್ಸು. ಬ್ಯಾಗುಗಳಲ್ಲಿ ದೂಳು ತುಂಬಿದಷ್ಟೂ ಫ್ಯಾನು ಹೆಚ್ಚು ಕರೆಂಟು ಕುಡಿಯುತ್ತದೆ. ಕಿಡಿ ಬಿದ್ದು ಬಟ್ಟೆ ತೂತಾಗುತ್ತದೆ. ಹೊಗೆ ತಣ್ಣಗಾದರೆ ಆಮ್ಲ ಹನಿಗಟ್ಟಿ ಬಟ್ಟೆ ಜೀರ್ಣವಾಗುತ್ತದೆ. ಹೊಗೆಯನ್ನು ಫಿಲ್ಟರ್ ತಪ್ಪಿಸಿ ಹೊರಬಿಡುವ ಬೈಪಾಸ್ ತೆರೆದುಬಿಟ್ಟರೆ ಈ ಗೋಜೇ ಇಲ್ಲ. ಈಗ ಹಾಗೆ ತೆರೆದ ಪ್ರತಿ ಗಂಟೆಯೂ ಪರವಾನಗಿ ತಿನ್ನುತ್ತದೆ. 300ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ, ಮಾರುಕಟ್ಟೆಯೊಳಗಿದ್ದವುಗಳ ದೂಳು 20ರಿಂದ 30% ಕಡಿಮೆಯಿತ್ತು.

ಒಂದು ಕೊರತೆ ಮಾತ್ರ ವಿನ್ಯಾಸದಲ್ಲೇ ಇದೆ. ಪರವಾನಗಿ ಕೊಂಡವನ ಚಿಮಣಿಯ ಪಕ್ಕದ ಓಣಿಯಲ್ಲಿ ಬಟ್ಟೆ ಒಣಹಾಕುವವರಿಗೆ ನಗರದ ಒಟ್ಟು ಇಳಿಕೆಯಿಂದ ಏನೂ ಸಿಗದಿರಬಹುದು. ಗಂಧಕವಾದರೆ ನೂರಾರು ಮೈಲಿ ಹೋಗಿ ಮಳೆಯಾಗುತ್ತದೆ, ದಪ್ಪ ದೂಳು ಇಲ್ಲೇ ಬೀಳುತ್ತದೆ.

ಇತ್ತ ವಾಯು ಮತ್ತು ಪರಿಸರ ಕಾಯ್ದೆಗಳನ್ನು ತಿದ್ದಿದ 2023ರ ಜನ ವಿಶ್ವಾಸ್ ಕಾಯ್ದೆ ಮತ್ತು 2024ರ ಜಲ ಕಾಯ್ದೆ ತಿದ್ದುಪಡಿ (ಇದು ಒಪ್ಪಿಕೊಂಡ ರಾಜ್ಯಗಳಲ್ಲಿ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾತ್ರ) ಬಹುತೇಕ ತಪ್ಪುಗಳಿಗೆ ಜೈಲಿನ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದಿವೆ. ದಂಡ ಎಷ್ಟೆಂದು ನಿರ್ಧರಿಸುವವರು ನ್ಯಾಯಾಧೀಶರಲ್ಲ, ಸರ್ಕಾರ ನೇಮಿಸಿದ ಅಧಿಕಾರಿ. ಅವರ ಮೇಜಿನ ಮೇಲೆ ಬರುವ ಅಂಕಿಯನ್ನು ಅಳೆದವನಿಗೆ ಸಂಬಳ ಕೊಟ್ಟವರು ಯಾರು ಎಂಬುದನ್ನು ಈ ಎರಡು ಕಾಯ್ದೆಗಳೂ ಮುಟ್ಟಿಲ್ಲ.