ಗಿರಣಿಯ ಸಾಲು, ಗೇಮಿನ ಲ್ಯಾಗ್

ಸಂಜೆ ಏಳೂವರೆ ಆದರೆ ಸಾಕು, ಒಳಗಿನ ಕೋಣೆಯಿಂದ ತಮ್ಮನ ದನಿ ಬರುತ್ತಿತ್ತು. "ಅಣ್ಣಾ, ಮತ್ತ ಲ್ಯಾಗ್ ಹೊಡಿಲಕತ್ತದ ನೋಡು!" ಹೋಗಿ ನೋಡಿದರೆ ಪರದೆಯ ಮೂಲೆಯಲ್ಲಿ 30 ಇದ್ದ ಪಿಂಗ್ 600ಕ್ಕೆ ಏರಿ ಕೆಂಪಾಗಿರುತ್ತಿತ್ತು. ಅವನ ಆಟಗಾರ ನಿಂತಲ್ಲೇ ನಿಂತು, ಆಮೇಲೆ ಒಮ್ಮೆಲೇ ಎಲ್ಲೋ ಆಚೆ ಜಿಗಿಯುತ್ತಿದ್ದ. ಕಲಬುರಗಿಯ ನಮ್ಮ ಮನೆಯಲ್ಲೂ ಎಲ್ಲರಂತೆ ಮೊದಲು ದೊಡ್ಡ ಪ್ಲಾನ್ ಹಾಕಿಸಿದೆವು. 40 ಎಂಬಿಪಿಎಸ್ ಹೋಗಿ 100 ಬಂತು. ಲ್ಯಾಗ್ ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಗೇಮ್ ಆಡುವಾಗ ಅಷ್ಟು ಸ್ಪೀಡ್ ಬೇಕಾಗಿಯೇ ಇಲ್ಲ. ಬಟನ್ ಒತ್ತಿದ ಸುದ್ದಿ ಒಂದು ಪುಟ್ಟ ಪೊಟ್ಟಣದಲ್ಲಿ ಹಿಡಿಯುತ್ತದೆ. ಅದು ಬೇಗ ಹೋಗಿ, ಉತ್ತರ ಬೇಗ ಬರಬೇಕು. ಹಾಗೆ ಹೋಗಿ ಬರಲು ಹಿಡಿಯುವ ಸಮಯವೇ ಪಿಂಗ್. ಫೈಬರ್‌ನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸರ್ವರ್ ಮುಂಬೈಯಲ್ಲಿದೆ, ಕೇಬಲ್ ಸುತ್ತಿ ಬಳಸಿ 700 ಕಿ.ಮೀ. ಆಗುತ್ತದೆ ಎಂದುಕೊಂಡರೂ ಬೆಳಕು ಹೋಗಿ ಬರಲು 7 ಮಿಲಿಸೆಕೆಂಡ್ ಸಾಕು. ದಾರಿಯಲ್ಲಿನ ಯಂತ್ರಗಳು ತಿನ್ನುವ ಸಮಯ ಸೇರಿ 30 ಆಗಲಿ. 600 ಎಲ್ಲಿಂದ ಬಂತು?

ಓಣಿಯ ಗಿರಣಿಯನ್ನು ನೆನಪಿಸಿಕೊಳ್ಳಿ. ರೊಟ್ಟಿಗೆ ಹಿಟ್ಟಿಲ್ಲ ಅಂತ ಅವ್ವ ಕಳಿಸಿದ ಹುಡುಗ ಸಣ್ಣ ಡಬ್ಬಿಯಲ್ಲಿ ಜೋಳ ಹಿಡಿದು ಬಂದಿದ್ದಾನೆ. ಅವನ ಮುಂದೆ ಮದುವೆ ಮನೆಯವರ ಐದು ಚೀಲ. ಅವನ ಜೋಳ ಬೀಸಲು ಎರಡೇ ನಿಮಿಷ ಸಾಕು, ಆದರೆ ಆ ಐದು ಚೀಲ ಮುಗಿಯುವ ತನಕ ಕಾಯಲೇಬೇಕು, ಅಲ್ವಾ?

ನಮ್ಮ ಮನೆಯಲ್ಲಿ ಚೀಲ ತರುತ್ತಿದ್ದದ್ದು ಅಪ್ಪನ ಫೋನ್. ಸಂಜೆ ಅವರು ಮನೆಗೆ ಬಂದು ವೈಫೈ ಸಿಕ್ಕ ಕೂಡಲೇ ಅದು ದಿನದ ವಿಡಿಯೊಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸಲು ಶುರು ಮಾಡುತ್ತಿತ್ತು. ನಮ್ಮ ಅಪ್‌ಲೋಡ್ ಬರೀ 4 ಎಂಬಿಪಿಎಸ್, ಪ್ಲಾನ್ ದೊಡ್ಡದಾದರೂ ಅದು ಏರಿರಲಿಲ್ಲ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ ಸೆಕೆಂಡಿಗೆ ಅರ್ಧ ಎಂಬಿ (ಮೆಗಾಬೈಟ್). ಹೊರಗಿನ ಲೈನ್ ಬಂದು ಸೇರುವ ಮೋಡೆಮ್‌ನಲ್ಲಿ ಕಾಲು ಎಂಬಿ ಸಾಲುಗಟ್ಟಿ ನಿಂತರೂ ಗೇಮಿನ ಪೊಟ್ಟಣ ಅರ್ಧ ಸೆಕೆಂಡ್ ಕಾಯಬೇಕು. ಅದೇ 500 ಮಿಲಿಸೆಕೆಂಡ್!

ಇಷ್ಟು ಉದ್ದ ಸಾಲು ಬೆಳೆಯುವುದೇಕೆ? ಮೆಮೊರಿ ಅಗ್ಗವಾದಂತೆ ತಯಾರಕರು ಪೊಟ್ಟಣಗಳು ಕಾಯುವ ಜಾಗವನ್ನು, ಅಂದರೆ ಬಫರನ್ನು, ದೊಡ್ಡದು ಮಾಡುತ್ತಾ ಹೋದರು. ಗಿರಣಿಯವರು ಪಡಸಾಲೆ ದೊಡ್ಡದು ಮಾಡಿ, ಯಾರಿಗೂ "ನಾಳೆ ಬರ್ರಿ" ಅನ್ನದೆ ಬಂದ ಚೀಲವನ್ನೆಲ್ಲ ಇಳಿಸಿಕೊಂಡಂತೆ. ಇಂಟರ್ನೆಟ್‌ನಲ್ಲಿ ಹೆಚ್ಚಾಗಿ ಕೆಲವು ಪೊಟ್ಟಣ ಬಿದ್ದು ಹೋದಾಗಲೇ ಕಳಿಸುವವನಿಗೆ ದಾರಿ ತುಂಬಿದೆ ಎಂದು ಗೊತ್ತಾಗುತ್ತದೆ, ಆಗ ಅವನು ನಿಧಾನ ಮಾಡುತ್ತಾನೆ. ಯಾವುದೂ ಬೀಳದಿದ್ದರೆ ಸುಮ್ನೆ ಸುರಿಯುತ್ತಲೇ ಇರುತ್ತಾನೆ. 2010ರಲ್ಲಿ ಅಮೆರಿಕದ ಕಂಪ್ಯೂಟರ್ ಪ್ರೋಗ್ರಾಮರ್ ಜಿಮ್ ಗೆಟಿಸ್ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಗಮನಿಸಿ, ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 'ಕೋಡೆಲ್' ಎಂಬ ಉಪಾಯ ಕೊಟ್ಟರು. ಅದು ಸಾಲಿನ ಉದ್ದ ನೋಡುವುದಿಲ್ಲ, ಪೊಟ್ಟಣ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ, ತುಂಬಾ ಹೊತ್ತಾಗುತ್ತಿದ್ದರೆ ಕೆಲವನ್ನು ಬೀಳಿಸಿ ಕಳಿಸುವವನಿಗೆ ಸುಳಿವು ಕೊಡುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಅದೇ.

ನಿಮ್ಮ ಮನೆಯಲ್ಲಿ ಹುಡುಕುವುದು ಸುಲಭ. ಕಂಪ್ಯೂಟರ್‌ನಿಂದ ಮೊದಲು ರೌಟರ್‌ಗೇ ಪಿಂಗ್ ಮಾಡಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ ping ಎಂದು ಬರೆದು ಮುಂದೆ ವಿಳಾಸ ಹಾಕಿದರೆ ಸಾಕು), ಹೆಚ್ಚಾಗಿ ಅದರ ವಿಳಾಸ 192.168.1.1 ಅಥವಾ 192.168.0.1 ಇರುತ್ತದೆ. ಅಲ್ಲೇ ಅಂಕಿ ಕುಣಿದರೆ ತಪ್ಪು ವೈಫೈದು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗುತ್ತದೆ. 2.4 ದಾಟುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲ ಜಾಸ್ತಿ. ಒಂದು ಲ್ಯಾನ್ ವೈರ್ ಎಳೆದುಬಿಡಿ. ರೌಟರ್‌ವರೆಗೆ ಚೆನ್ನಾಗಿದ್ದು, ಯಾರಾದರೂ ಅಪ್‌ಲೋಡ್ ಶುರು ಮಾಡಿದಾಗ ಮಾತ್ರ ಹೊರಗಿನ 8.8.8.8ಕ್ಕೆ (ಇದು ಗೂಗಲ್‌ನ ಸರ್ವರ್ ವಿಳಾಸ) ಪಿಂಗ್ ಏರಿದರೆ, ಅದು ಸಾಲಿನ ಕಾಟ.

ನಾವು ಎಸ್‌ಕ್ಯೂಎಂ (ಕೋಡೆಲ್‌ನಂಥ ಉಪಾಯದಿಂದ ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ) ಇರುವ ರೌಟರ್ ತಂದು, ಅದರಲ್ಲಿ ಅಪ್‌ಲೋಡ್ ಮಿತಿ 3.6 ಎಂಬಿಪಿಎಸ್ ಎಂದು ಹಾಕಿದೆವು. 4ಕ್ಕಿಂತ ಕಡಿಮೆ ಇಟ್ಟಿದ್ದು ಬೇಕೆಂದೇ. ಆಗ ಸಾಲು ಮೋಡೆಮ್‌ನಲ್ಲಿ ಕಟ್ಟದೆ ನಮ್ಮ ರೌಟರ್‌ನಲ್ಲೇ ಕಟ್ಟುತ್ತದೆ, ಮತ್ತು ಈ ರೌಟರ್ ಎರಡು ಚೀಲದ ನಡುವೆ ಹುಡುಗನ ಡಬ್ಬಿ ಬೀಸಿಕೊಡುವ ಗಿರಣಿಯವರಂತೆ. ಅಪ್ಪನ ವಿಡಿಯೊಗಳು ಸ್ವಲ್ಪ ತಡವಾಗಿ ಹೋಗುತ್ತವೆ, ಅವರಿಗೆ ಗೊತ್ತೂ ಆಗಿಲ್ಲ. ತಮ್ಮನ ಪಿಂಗ್ 40 ದಾಟುತ್ತಿಲ್ಲ. ಅದರ ಮುಂದಿನ ತಿಂಗಳು ನಾವು ಹಳೆಯ 40ರ ಪ್ಲಾನಿಗೇ ಮರಳಿದೆವು.