ಪದ ಪರಿಚಯ: ‘ಸ್ಟೇಜ್ 1’

ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಗಾಡಿ ಉಸಿರು ಬಿಟ್ಟಿತು. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಳೇ ಹಿಮಾಲಯನ್ ಬೈಕು, 411 ಸಿಸಿದು. ಹಿಂದೆ ಹೆಂಡತಿ, ಎರಡೂ ಪಕ್ಕಕ್ಕೆ ಬ್ಯಾಗು, ಟ್ಯಾಂಕಿನ ಮೇಲೆ ಇನ್ನೊಂದು. ಉಜಿರೆ ಕಡೆಯಿಂದ ಬಂದು ಹೇರ್‌ಪಿನ್ ತಿರುವುಗಳು ಶುರುವಾದ ಮೇಲೆ ಮೂರನೇ ಗೇರಿನಲ್ಲಿ ಎಳೆಯುವುದೇ ಇಲ್ಲ ಅಂತ ಹಟ ಹಿಡಿಯಿತು. ಎರಡಕ್ಕೆ ಇಳಿಸಿದರೆ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ ಪಟಪಟ ಅಂತ ಪಟಾಕಿ. ಅದಕ್ಕೆ ಎರಡೇ ವಾರ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಇದೇ ಗಾಡಿಯ ‘ಪರ್ಫಾರ್ಮೆನ್ಸ್’ ಹೆಚ್ಚಿಸಲು ದುಡ್ಡು ಸುರಿದಿದ್ದೆ.

ಹೇಗೋ ಕೊಟ್ಟಿಗೆಹಾರ ಮುಟ್ಟಿ, ನೀರುದೋಸೆ ತಿಂದು, ಮೂಡಿಗೆರೆಯಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ಅವರು ಬೇರೆ ಏನನ್ನೂ ಮುಟ್ಟದೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಆರೋಗ್ಯವಾಗಿರುವ ಎಂಜಿನ್ನಿನ ಪ್ಲಗ್ ತುದಿ ತಿಳಿ ಕಂದು ಬಣ್ಣಕ್ಕಿರಬೇಕು, ಮಾರಿ ಬಿಸ್ಕತ್ತಿನ ಥರ. ನನ್ನದು ಬೆಳ್ಳಗಿತ್ತು.

“ಸುಣ್ಣ ಬಳ್ದಂಗೈತಲ್ಲಾ ಸಾರ್. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಏನ್ ಮಾಡ್ಸಿದ್ರಿ ಇದಕ್ಕೆ?”

“ಸ್ಟೇಜ್ ಒನ್” ಅಂದೆ, ಸ್ವಲ್ಪ ಗತ್ತಿನಲ್ಲೇ.

“ಹಂಗಂದ್ರೆ?”

ಅವರಿಗೆ ಸರಿಯಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಸ್ಟೇಜ್ 1 ಅಂದರೆ ಎಂಜಿನ್ ಬಿಚ್ಚದೆ ಅದರ ಉಸಿರಾಟ ಸಲೀಸು ಮಾಡುವ ಕೆಲಸ. ಅದರಲ್ಲಿ ಮೂರು ಭಾಗ. ಗಾಳಿ ಒಳಗೆ ಬರುವ ದಾರಿ, ಅಂದರೆ ಏರ್ ಫಿಲ್ಟರ್. ಹೊಗೆ ಹೊರಗೆ ಹೋಗುವ ದಾರಿ, ಅಂದರೆ ಸೈಲೆನ್ಸರ್, ಕೆಲವೊಮ್ಮೆ ಬೆಂಡ್ ಪೈಪ್ ಕೂಡ. ಮೂರನೆಯದು ಟ್ಯೂನಿಂಗ್: ಹೊಸದಾಗಿ ಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬಿಡುವಂತೆ ಗಾಡಿಯ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಹೊಸ ಲೆಕ್ಕ ಕೊಡುವುದು. ಈ ಮೂರೂ ಸೇರಿದರೆ ಮಾತ್ರ ಆ ಹೆಸರು. ಮೊದಲೆರಡನ್ನು ಮಾಡಿ ಮೂರನೆಯದನ್ನು ಬಿಟ್ಟರೆ ಅದು ಸ್ಟೇಜ್ 1 ಅಲ್ಲ, ಸುಮ್ನೆ ಸೌಂಡು. ನನ್ನ ಗಾಡಿಗೆ ಆಗಿದ್ದು ಅದೇ.

ಸ್ಟೇಜ್ ಅನ್ನುವ ಪದ ಕಾರು ಟ್ಯೂನ್ ಮಾಡುವವರ ಬಾಯಲ್ಲೂ ಇದೆ. ಆದರೆ ಟೂರಿಂಗ್ ಬೈಕಿನ ಲೋಕದಲ್ಲಿ ಇದು ಗಟ್ಟಿಯಾಗಿ ಕೂತಿರುವುದು ಅಮೆರಿಕದ ಹಾರ್ಲೆ ಡೇವಿಡ್‌ಸನ್ ಸವಾರರ ಮಧ್ಯೆ. ಅಲ್ಲಿ ಕಂಪನಿಯೇ ತನ್ನ ಸ್ಕ್ರೀಮಿನ್ ಈಗಲ್ ಹೆಸರಿನಲ್ಲಿ ನಾಲ್ಕು ಸ್ಟೇಜುಗಳ ಸಾಮಾನು ಮಾರುತ್ತದೆ. ಒಂದರಲ್ಲಿ ಫಿಲ್ಟರ್, ಪೈಪ್, ಟ್ಯೂನಿಂಗ್. ಎರಡರಲ್ಲಿ ಕ್ಯಾಮ್ ಬದಲಾಗುತ್ತದೆ, ಅಂದರೆ ಗಾಳಿ, ಹೊಗೆಯ ಬಾಗಿಲಾದ ವಾಲ್ವ್ ಎಷ್ಟು ಹೊತ್ತು, ಎಷ್ಟು ಅಗಲ ತೆರೆಯಬೇಕು ಅನ್ನುವುದನ್ನು ತೀರ್ಮಾನಿಸುವ ಭಾಗ. ಮೂರರಲ್ಲಿ ದೊಡ್ಡ ಸಿಲಿಂಡರ್, ದೊಡ್ಡ ಪಿಸ್ಟನ್. ನಾಲ್ಕರಲ್ಲಿ ಹೆಡ್ಡು, ಗಾಳಿ ಬಿಡುವ ಥ್ರಾಟಲ್ ಬಾಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತನಕ ಹೋಗುತ್ತಾರೆ. ಒಂದೊಂದು ಮೆಟ್ಟಿಲು ಹತ್ತಿದಂತೆ ಸ್ಪಾನರ್ ಎಂಜಿನ್ನಿನ ಒಳಗೆ ಒಳಗೆ ಇಳಿಯುತ್ತದೆ, ಖರ್ಚೂ ಹಾಗೇ ಏರುತ್ತದೆ. ಬಹುತೇಕ ಜನ ಮೊದಲ ಮೆಟ್ಟಿಲಿಗೇ ನಿಲ್ಲುತ್ತಾರೆ.

ಹಾರ್ಲೆಯವರಿಗೇ ಯಾಕೆ ಇದು ಇಷ್ಟು ಬೇಕು? ಅವರ ಟೂರಿಂಗ್ ಗಾಡಿಗಳು ಸುಮಾರು 400 ಕೆಜಿ ತೂಗುತ್ತವೆ. 2017ರ ಮಾಡೆಲ್ಲಿಗೆ ಬಂದ ಮಿಲ್ವಾಕಿ ಏಯ್ಟ್ 107 ಎಂಜಿನ್ ತಗೊಳ್ಳಿ. 107 ಅಂದರೆ ಘನ ಇಂಚಿನ ಲೆಕ್ಕ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 1,750 ಸಿಸಿ. ಇದು ಸುಮಾರು 150 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಅದೂ 3,250 ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ. ಇಷ್ಟಿದ್ದರೂ ಶಬ್ದ ಮತ್ತು ಹೊಗೆಯ ಕಾನೂನು ಪಾಲಿಸಲು ಕಂಪನಿ ಎಂಜಿನ್ನಿನ ಮೂಗು ಬಾಯಿಗೆ ಬಟ್ಟೆ ಕಟ್ಟಿಯೇ ಷೋರೂಮಿಗೆ ಕಳಿಸುತ್ತದೆ. ಆ ಬಟ್ಟೆ ಸ್ವಲ್ಪ ಸಡಿಲಿಸುವುದು ಸ್ಟೇಜ್ 1.

ಟಾರ್ಕ್ ಅನ್ನುವ ಪದ ಬಂತು. ಟೂರಿಂಗ್ ಗಾಡಿಯ ವಿಷಯದಲ್ಲಿ ಇದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಟೈರು ಬಿಚ್ಚಲು ವೀಲ್ ಸ್ಪಾನರ್ ಹಾಕಿ ಒತ್ತುತ್ತೀರಲ್ಲ, ಆ ತಿರುಚುವ ಬಲವೇ ಟಾರ್ಕ್. ಒಂದು ಮೀಟರ್ ಉದ್ದದ ಸ್ಪಾನರಿನ ತುದಿಗೆ ಒಂದು ಕೆಜಿ ತೂಗು ಹಾಕಿದರೆ ಸುಮಾರು 10 ನ್ಯೂಟನ್ ಮೀಟರ್. ಪವರ್ ಅಂದರೆ ಆ ಬಲವನ್ನು ಎಷ್ಟು ಬೇಗ ಬೇಗ ಹಾಕುತ್ತೀರಿ ಅನ್ನುವುದು. ನನ್ನ 411 ಸಿಸಿ ಗಾಡಿಯ ಟಾರ್ಕ್ 32 ನ್ಯೂಟನ್ ಮೀಟರ್, ಅದು ಸಿಗುವುದು 4,000ದಿಂದ 4,500 ಆರ್‌ಪಿಎಂ ಒಳಗೆ. ಪವರ್ 24.5 ಪಿಎಸ್ (ಹಾರ್ಸ್‌ಪವರಿನದೇ ಒಂದು ಅಳತೆ), ಅದು 6,500ಕ್ಕೆ. ಲೆಕ್ಕ ಹಾಕಿ ನೋಡಿ: 6,500ರಲ್ಲಿ ಟಾರ್ಕ್ 26.5ಕ್ಕೆ ಇಳಿದಿರುತ್ತದೆ. ಅಂದರೆ ಘಾಟಿಯಲ್ಲಿ ನನಗೆ ಬೇಕಾದ ಎಳೆತ ಇರುವುದು ಮಧ್ಯದಲ್ಲಿ, ಎಂಜಿನ್ ಕಿರುಚುವ ಜಾಗದಲ್ಲಿ ಅಲ್ಲ. ರೇಸಿನವನಿಗೆ ಮೇಲಿನ ತುದಿಯ ಪವರ್ ಬೇಕು. ಬ್ಯಾಗು ಕಟ್ಟಿಕೊಂಡು ಹೋಗುವವನು ಗೇರ್ ಇಳಿಸದೆ ಲಾರಿ ದಾಟಬೇಕು, ಅಷ್ಟೇ. ಅಂಗಡಿಯವರು “ಇಷ್ಟು ಹಾರ್ಸ್‌ಪವರ್ ಜಾಸ್ತಿ ಆಗುತ್ತೆ” ಅಂದಾಗ “ಯಾವ ಆರ್‌ಪಿಎಂನಲ್ಲಿ?” ಅಂತ ಕೇಳಬೇಕಿತ್ತು. ನಾನು ಕೇಳಲಿಲ್ಲ.

ಬರೀ ಬಾಯಿ ದೊಡ್ಡದಾದ ಪೈಪು ಮಧ್ಯದ ಟಾರ್ಕನ್ನು ಹೆಚ್ಚಿಸುವ ಬದಲು ತಿಂದುಹಾಕುವುದೂ ಉಂಟು. ಹೊಗೆ ಪೈಪಿನಲ್ಲಿ ಒಂದೇ ಸಮನೆ ಹರಿಯುವುದಿಲ್ಲ, ಅಲೆಅಲೆಯಾಗಿ ಹೋಗುತ್ತದೆ. ಆ ಅಲೆ ತಿರುಗಿ ಬರುವ ಹೊತ್ತು ಪೈಪಿನ ಉದ್ದ, ಅಗಲದ ಮೇಲೆ ನಿಂತಿದೆ. ಕಂಪನಿಯವರು ಆ ಹೊತ್ತನ್ನು ಮಧ್ಯದ ಆರ್‌ಪಿಎಂಗೆ ಹೊಂದಿಸಿರುತ್ತಾರೆ. ಚೆಂದ ಕಾಣುತ್ತೆ ಅಂತ ಗಿಡ್ಡ ಪೈಪು ಹಾಕಿದರೆ ಆ ಹೊಂದಾಣಿಕೆ ಹೋಯಿತು.

ಈಗ ಮೂರನೇ ಭಾಗಕ್ಕೆ ಬರೋಣ. ನನ್ನ ಪ್ಲಗ್ ಬೆಳ್ಳಗಾದದ್ದು ಇಲ್ಲೇ.

411 ಸಿಸಿ ಎಂಜಿನ್ 4,500 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಒಂದು ಸಲದಂತೆ ನಿಮಿಷಕ್ಕೆ 2,250 ಸಲ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ದರೆ ಒಟ್ಟು 900 ಲೀಟರ್ ಆಸುಪಾಸು. 200 ಲೀಟರಿನ ನಾಲ್ಕು ಡ್ರಮ್ ತುಂಬಿ ಮಿಕ್ಕುವಷ್ಟು ಗಾಳಿ, ಒಂದೇ ನಿಮಿಷಕ್ಕೆ. ಈ ಗಾಳಿಗೆ ಪೆಟ್ರೋಲ್ ಒಂದು ಹದದಲ್ಲಿ ಬೆರೆಯಬೇಕು. ಬರೀ ಪೆಟ್ರೋಲ್ ಆದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಇದ್ದಾಗ ಎರಡೂ ಪೂರ್ತಿ ಉರಿದು ಮುಗಿಯುತ್ತವೆ. ಗಾಡಿ ಜೋರಾಗಿ ಎಳೆಯಬೇಕಾದಾಗ ಪೆಟ್ರೋಲ್ ಇನ್ನೂ ಸ್ವಲ್ಪ ಜಾಸ್ತಿ ಬೇಕು, 12.5ರಿಂದ 13ಕ್ಕೆ ಒಂದರಂತೆ. ಈಗ ಬಂಕಿನಲ್ಲಿ ಸಿಗುವ ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಲೆಕ್ಕ ಇನ್ನೂ ಬೇರೆ. ಪೂರ್ತಿ ಉರಿಯುವ ಹದವೇ 13.5ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಇಂಧನ ಮೊದಲಿಗಿಂತ ಜಾಸ್ತಿ ಬೇಕು. ವಿದೇಶದ ಯಾರೋ ಮಾಡಿಟ್ಟ ಮ್ಯಾಪನ್ನು ನಮ್ಮ ಗಾಡಿಗೆ ಹಾಗೇ ತುಂಬಿದರೆ ಎಡವುವುದು ಇಲ್ಲೂ ಇದೆ.

ಮ್ಯಾಪ್ ಅಂದರೆ ಊರಿನ ನಕ್ಷೆ ಅಲ್ಲ. ಒಂದು ದೊಡ್ಡ ಕೋಷ್ಟಕ, ಮಗ್ಗಿ ಪುಸ್ತಕದ ಥರ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಆಕ್ಸಿಲರೇಟರ್ ಎಷ್ಟು ತಿರುಗಿದೆ ಅನ್ನುವುದು. ಎರಡೂ ಕೂಡುವ ಮನೆಯಲ್ಲಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಬರೆದಿರುತ್ತದೆ. ಟ್ಯೂನ್ ಮಾಡುವವರು ಗಾಡಿಯನ್ನು ಡೈನೊ ಮೇಲೆ, ಅಂದರೆ ಹಿಂದಿನ ಚಕ್ರ ಉರುಳೆಯ ಮೇಲೆ ತಿರುಗುವ ಯಂತ್ರದ ಮೇಲೆ ಕಟ್ಟಿ, ಒಂದೊಂದು ಮನೆಯನ್ನೂ ನೋಡಿ ತಿದ್ದುತ್ತಾರೆ. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಹಳೇ ಕಾಲದಲ್ಲಿ ಇದನ್ನೇ ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ಬದಲಿಸಿ ಮಾಡುತ್ತಿದ್ದರು. ಮೈಸೂರಿನಲ್ಲಿ ತಯಾರಾದ ಯೆಜ್ಡಿಗಳಿಗೆ ಸೈಲೆನ್ಸರ್ ಮುಟ್ಟಿದರೆ ಜೆಟ್ಟೂ ನೋಡಬೇಕು ಅನ್ನುವುದು ಗಲ್ಲಿಯ ಮೆಕ್ಯಾನಿಕ್ಕಿಗೂ ಗೊತ್ತಿತ್ತು. ಇಂಜೆಕ್ಷನ್ ಬಂದ ಮೇಲೆ ಕಣ್ಣಿಗೆ ಕಾಣುವ ಜೆಟ್ ಹೋಯಿತು. ಆ ಬುದ್ಧಿಯೂ ಹೋಯಿತೇನೋ.

“ಇಸಿಯು ತಾನೇ ಕಲಿತುಕೊಳ್ಳುತ್ತೆ ಸಾರ್, ನೂರು ಕಿಲೋಮೀಟರ್ ಓಡಿಸಿ” ಅಂತ ನನಗೆ ಹೇಳಿದ್ದರು. ಇದು ಅರ್ಧ ನಿಜ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡಿಸುತ್ತದೆ. ಆದರೆ ಅದು ಒಂದೇ ಸಮನೆ ನಿಧಾನಕ್ಕೆ ಹೋಗುವಾಗ. ಆಕ್ಸಿಲರೇಟರ್ ಜೋರಾಗಿ ತಿರುಗಿಸಿದರೆ ಇಸಿಯು ಸೆನ್ಸರಿನ ಮಾತು ಬಿಟ್ಟು ಸೀದಾ ಆ ಮಗ್ಗಿ ಪುಸ್ತಕ ನೋಡುತ್ತದೆ. ಅಲ್ಲಿ ಬರೆದಿರುವುದು ಹಳೇ ಫಿಲ್ಟರ್, ಹಳೇ ಪೈಪಿನ ಲೆಕ್ಕ. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಘಾಟಿಯಲ್ಲಿ ಭಾರ ಹೊತ್ತು ಹತ್ತುವಾಗ ಆಗುವುದು ಇದೇ ಅಲ್ವಾ? ಎಳೆತ ಕಮ್ಮಿ, ಬಿಸಿ ಜಾಸ್ತಿ, ಪ್ಲಗ್ ಬಿಳಿ. ಹೀಗೇ ತುಂಬಾ ದಿನ ಓಡಿಸಿದರೆ ವಾಲ್ವ್, ಪಿಸ್ಟನ್ ಸುಡುತ್ತವೆ. (ಈಗಿನ ಪೆಟ್ರೋಲಿನಲ್ಲಿ ಪ್ಲಗ್ ಬಣ್ಣ ಓದುವುದು ಮೊದಲಿನಷ್ಟು ಸುಲಭ ಅಲ್ಲ. ಆದರೆ ಸುಣ್ಣದಷ್ಟು ಬೆಳ್ಳಗಿದ್ದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.)

ಟ್ಯೂನಿಂಗ್ ಮಾಡಿಸಿದರೂ ಎಲ್ಲ ಸರಿಹೋಯಿತು ಅಂತಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು ಗಾಳಿ ಪೆಟ್ರೋಲ್ ಎರಡೂ ಪೂರ್ತಿ ಉರಿಯುವ ಆ ಹದದಲ್ಲಿ ಮಾತ್ರ. ಪವರ್ ಬೇಕು ಅಂತ ಪೆಟ್ರೋಲ್ ಹೆಚ್ಚಿಸಿದರೆ ಹೊಗೆ ಕೆಡುತ್ತದೆ. ಈ ವಿಷಯದಲ್ಲಿ ಹಾರ್ಲೆಯೇ ಪೆಟ್ಟು ತಿಂದಿದೆ. ಅದು ಮಾರುತ್ತಿದ್ದ ಸೂಪರ್ ಟ್ಯೂನರ್ ಎಂಬ ಸಾಧನದಿಂದ ಗಾಡಿಗಳು ಅನುಮತಿಗಿಂತ ಜಾಸ್ತಿ ಹೊಗೆ ಬಿಡುತ್ತವೆ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹಿಡಿಯಿತು. 2016ರ ಆಗಸ್ಟ್‌ನಲ್ಲಿ ರಾಜಿಯಾಗಿ, ಕಂಪನಿ 1.2 ಕೋಟಿ ಡಾಲರ್ ದಂಡಕ್ಕೆ ಒಪ್ಪಿ ಆ ಸಾಧನ ಮಾರುವುದನ್ನು ನಿಲ್ಲಿಸಿತು. ಅಷ್ಟರೊಳಗೆ ಸುಮಾರು 3.4 ಲಕ್ಷ ಮಾರಾಟವಾಗಿದ್ದವು. ಈಗ ಅಲ್ಲಿ ಮಾರುವ ಟ್ಯೂನರುಗಳು ಹೊಗೆಯ ಮಿತಿಯೊಳಗೇ ಇರಬೇಕು.

ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಹಾಗಾಗಿ ಸಿಸಿಯನ್ನೇ ಬದಲಿಸುವ ಸ್ಟೇಜ್ 3 ನೇರವಾಗಿ ಆರ್‌ಸಿಗೇ ಕೈ ಹಾಕಿದಂತೆ. ಸೈಲೆನ್ಸರ್ ಸದ್ದಿಗೆ ಪೊಲೀಸರು ಹಿಡಿಯುವುದಂತೂ ದಿನಾ ನೋಡುತ್ತೇವೆ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ಟರ್ಬೊ ಇಲ್ಲದ ಇಂಥ ಎಂಜಿನ್ನಿಗೆ ಸರಿಯಾಗಿ ಮಾಡಿದ ಸ್ಟೇಜ್ 1 ಸಾಮಾನ್ಯವಾಗಿ ನೂರಕ್ಕೆ ಐದೋ ಎಂಟೋ ಕೊಡುತ್ತದೆ. ಹಾರ್ಲೆಯಂಥ ದೊಡ್ಡ ಎಂಜಿನ್ನಿನಲ್ಲಿ ಅದು ಕೈಗೆ ಗೊತ್ತಾಗುತ್ತದೆ, 150ಕ್ಕೆ ಶೇ 8 ಅಂದರೆ 12 ನ್ಯೂಟನ್ ಮೀಟರ್. ನನ್ನ 32ಕ್ಕೆ ಅದೇ ಲೆಕ್ಕ ಹಾಕಿದರೆ ಎರಡೂವರೆ.

ಅದಕ್ಕೇ ನಾನು ಈಗ ಸ್ನೇಹಿತರಿಗೆ ಹೇಳುವುದು ಸ್ಟೇಜ್ ಸೊನ್ನೆ. ಈ ಪದ ಯಾವ ಕಂಪನಿಯದ್ದೂ ಅಲ್ಲ, ನನ್ನದೇ. ಅವತ್ತು ಚಾರ್ಮಾಡಿಯಲ್ಲಿ ಗಾಡಿ, ನಾವಿಬ್ಬರು, ಬ್ಯಾಗು ಎಲ್ಲ ಸೇರಿ 350 ಕೆಜಿ ಹತ್ತಿರ ಇತ್ತು. ಅದರಲ್ಲಿ 10 ಕೆಜಿ ಇಳಿಸಿದರೆ ಏರಿನಲ್ಲಿ ಶೇ 3ರಷ್ಟು ಪವರ್ ಪುಕ್ಕಟೆ ಬಂದಂತೆ. ಮುಂದಿನ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ, 15 ಹಲ್ಲಿನದಿದ್ದರೆ 14ಕ್ಕೆ ಇಳಿಸಿ, ಹಿಂದಿನ ಚಕ್ರಕ್ಕೆ ಶೇ 7 ಜಾಸ್ತಿ ಎಳೆತ ಸಿಗುತ್ತದೆ. ಖರ್ಚು ಕೆಲವು ನೂರು ರೂಪಾಯಿ. ಬದಲಿಗೆ ಹೈವೇಯಲ್ಲಿ ಅದೇ ವೇಗಕ್ಕೆ ಎಂಜಿನ್ ಶೇ 7 ಜಾಸ್ತಿ ತಿರುಗುತ್ತದೆ, ಸ್ವಲ್ಪ ನಡುಕ, ಸ್ವಲ್ಪ ಮೈಲೇಜ್ ನಷ್ಟ. ಘಾಟಿ ಜಾಸ್ತಿ ಸುತ್ತುವವರಿಗೆ ಒಳ್ಳೆಯದು, ಬೆಂಗಳೂರು ಹುಬ್ಬಳ್ಳಿ ಓಡಾಡುವವರಿಗೆ ಬೇಡ. ಇವಕ್ಕಿಂತ ಮೊದಲು ಧೂಳು ತುಂಬಿದ ಏರ್ ಫಿಲ್ಟರ್, ಟೈರಿನ ಗಾಳಿ, ಚೈನು, ವಾಲ್ವ್ ಕ್ಲಿಯರೆನ್ಸ್ ನೋಡಿಸಿ.

ಮೂಡಿಗೆರೆಯಿಂದ ಹೇಗೋ ಬೆಂಗಳೂರಿಗೆ ಬಂದವನು ಮರುದಿನವೇ ಆ ಅಂಗಡಿಗೆ ಹೋದೆ. ಹುಡುಗ ಖುಷಿಯಿಂದಲೇ ಮಾತಾಡಿಸಿದ.

“ತಮ್ಮಾ, ಇದಕ್ಕೆ ಯಾವ ಮ್ಯಾಪ್ ಹಾಕಿದ್ದೀಯ? ಡೈನೊ ಶೀಟ್ ಇದ್ದರೆ ಕೊಡು.”

ಅವನು ನನ್ನ ಮುಖ ನೋಡಿದ. ಆಮೇಲೆ ಕೀಲಿ ತಿರುಗಿಸಿ, ಗಾಡಿ ಸ್ಟಾರ್ಟ್ ಮಾಡಿ, ಎರಡು ಸಲ ಜೋರಾಗಿ ರೇಸ್ ಮಾಡಿದ. ಪಕ್ಕದ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು.

“ಸೌಂಡ್ ಕೇಳಿ ಅಣ್ಣಾ” ಅಂದ.

ಹಳೇ ಸೈಲೆನ್ಸರ್ ಎಲ್ಲಿದೆ ಅಂತ ಕೇಳಿದೆ. ಪುಣ್ಯಕ್ಕೆ ಗುಜರಿಗೆ ಹೋಗಿರಲಿಲ್ಲ.